ಕೊಳೆರೋಗಕ್ಕೆ ಎಷ್ಟು ಹೆಸರು?

ಗೈಡ್ ವಿಷಯಕ್ಕೆ ಒಪ್ಪಿಗೆ ಕೊಟ್ಟಾಯಿತು, ‘ಮೊದಲು ಲಿಟರೇಚರ್ ನೋಡಿಕೊಂಡು ಬಾ’ ಎಂದು ಕಳಿಸಿದ್ದೂ ಆಯಿತು. ಈಗ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತಿದ್ದೀಯ. ಪರದೆಯ ಮೇಲೊಂದು ಉದ್ದನೆಯ ಖಾಲಿ ಚೌಕ. ಅದರಲ್ಲಿ ನಿನ್ನ ಪ್ರಬಂಧದ ಶೀರ್ಷಿಕೆಯನ್ನೇ ಇಡಿಯಾಗಿ ಟೈಪ್ ಮಾಡಿ ಎಂಟರ್ ಒತ್ತುತ್ತೀಯ. ಹೊಸಬರೆಲ್ಲ ಮಾಡುವುದು ಅದನ್ನೇ. ಬರುವ ಉತ್ತರ ಎರಡೇ ಬಗೆ. ಒಂದೋ ‘ಏನೂ ಸಿಗಲಿಲ್ಲ’, ಇಲ್ಲವೇ ಲಕ್ಷಗಟ್ಟಲೆ ಫಲಿತಾಂಶ. ಎರಡರಿಂದಲೂ ಉಪಯೋಗ ಅಷ್ಟಕ್ಕಷ್ಟೇ.

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ರೆಫರೆನ್ಸ್ ವಿಭಾಗದ ಮೇಜಿನ ಹಿಂದೆ ಕೂತೇ ತಲೆಗೂದಲು ಬಿಳಿ ಮಾಡಿಕೊಂಡವನು ನಾನು. ‘ಸಾರ್, ಏನೂ ಸಿಗ್ತಾ ಇಲ್ಲ’ ಎಂದು ಮುಖ ಸಣ್ಣ ಮಾಡಿಕೊಂಡು ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರೆ, ಬಹಳ ಸಲ ಲೇಖನ ಅಲ್ಲೇ ಇರುತ್ತಿತ್ತು. ಇವರು ಒಂದು ಹೆಸರು ಹಿಡಿದು ಕರೆಯುತ್ತಿದ್ದರು, ಅದು ಇನ್ನೊಂದು ಹೆಸರಿನಲ್ಲಿ ಕೂತಿರುತ್ತಿತ್ತು. ನನ್ನ ಕಿವಿಮಾತಿನ ತಿರುಳು ಇಷ್ಟೇ: ಹುಡುಕುವ ಮೊದಲು ಹೆಸರುಗಳನ್ನು ಕೂಡಿಸಿಕೋ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಬರೀ ಉಪದೇಶವಾಗಬಾರದು ಎಂದು ಒಂದು ವಿಷಯ ಹಿಡಿದೇ ಹೇಳುತ್ತೇನೆ. ಅಡಿಕೆಯ ಕೊಳೆರೋಗ. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿದು ಬಿಡದೆ ಹೊಯ್ದರೆ ಎಳೆಗಾಯಿ ಕೊಳೆತು ಉದುರಿ ಮರದ ಬುಡದಲ್ಲೆಲ್ಲ ಹಾಸಿಕೊಳ್ಳುತ್ತದೆ. ನಿನ್ನ ವಿಷಯ ವಚನಗಳಿರಲಿ, ವಲಸೆಯಿರಲಿ, ಷೇರು ಮಾರುಕಟ್ಟೆಯಿರಲಿ, ಹುಡುಕುವ ಕ್ರಮ ಒಂದೇ.

ಮೊದಲು ಸರಿಯಾದ ಬಾಗಿಲು ಹಿಡಿ. ಲೈಬ್ರರಿಯ ವೆಬ್‌ಸೈಟಿನಲ್ಲಿ ಹುಡುಕುವ ಚೌಕಗಳು ಒಂದಕ್ಕಿಂತ ಹೆಚ್ಚಿರುತ್ತವೆ, ನೋಡುವುದಕ್ಕೆ ಎಲ್ಲ ಒಂದೇ ಥರ. ‘ಓಪ್ಯಾಕ್’ ಎಂದು ನಾವು ಕರೆಯುವುದು ಲೈಬ್ರರಿಯ ಕ್ಯಾಟಲಾಗು. ಅದಕ್ಕೆ ಪುಸ್ತಕದ ಹೆಸರು ಗೊತ್ತು, ಜರ್ನಲ್ಲಿನ ಹೆಸರು ಗೊತ್ತು. ಜರ್ನಲ್ಲಿನ ಹೊಟ್ಟೆಯೊಳಗಿರುವ ಲೇಖನಗಳು ಗೊತ್ತಿಲ್ಲ. ‘ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್’ ನಮ್ಮಲ್ಲಿ ಇದೆಯೋ ಇಲ್ಲವೋ, ಇದ್ದರೆ ಯಾವ ಸಂಪುಟದಿಂದ ಯಾವ ಸಂಪುಟದವರೆಗೆ, ಯಾವ ಕಪಾಟಿನಲ್ಲಿ ಎನ್ನುವುದನ್ನು ಹೇಳುತ್ತದೆ. ಅದರಲ್ಲಿ ಕೊಳೆರೋಗದ ಲೇಖನ ಯಾವ ಸಂಚಿಕೆಯಲ್ಲಿದೆ ಎಂದು ಕೇಳಿದರೆ ಕೈ ಚೆಲ್ಲುತ್ತದೆ. ಲೇಖನದ ಶೀರ್ಷಿಕೆಯನ್ನು ಓಪ್ಯಾಕ್‌ನಲ್ಲಿ ಹಾಕಿ, ಸೊನ್ನೆ ಬಂತೆಂದು ಎದ್ದು ಹೋದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ.

ಎರಡನೆಯದು ಡಿಸ್ಕವರಿ. ಎಬ್ಸ್‌ಕೊ, ಸಮ್ಮನ್, ಪ್ರಿಮೊ ಎಂಬ ಹೆಸರುಗಳಲ್ಲಿ ಬರುವ ಈ ಸಾಧನ ಕ್ಯಾಟಲಾಗನ್ನೂ ಚಂದಾ ಕಟ್ಟಿದ ಎಷ್ಟೋ ಜರ್ನಲ್‌ಗಳ ಲೇಖನಗಳನ್ನೂ ಒಂದೇ ಚೌಕದಲ್ಲಿ ಹುಡುಕುತ್ತದೆ. ವಿಷಯದ ಹರವು ತಿಳಿಯುವುದಕ್ಕೆ ಒಳ್ಳೆಯದು. ಆಳಕ್ಕೆ ಇಳಿಯಲು ಸಾಲದು. ಮೂರನೆಯದು ಆಯಾ ಶಾಸ್ತ್ರದ್ದೇ ಡೇಟಾಬೇಸು. ಕೃಷಿಗೆ ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆ ನಡೆಸುವ ಅಗ್ರಿಸ್. ಅಗ್ರಿಸ್‌ಗೆ ಕಾಸು ಕೊಡಬೇಕಿಲ್ಲ. ವೈದ್ಯಕೀಯಕ್ಕೆ ಪಬ್‌ಮೆಡ್, ಅದೂ ಉಚಿತ. ಸಮಾಜಶಾಸ್ತ್ರ, ಇತಿಹಾಸ, ಸಾಹಿತ್ಯದವರಿಗೆ ಜೇಸ್ಟೋರ್. ಎಲ್ಲ ಶಾಸ್ತ್ರಗಳಿಗೂ ಸೇರಿ ಸ್ಕೋಪಸ್, ವೆಬ್ ಆಫ್ ಸೈನ್ಸ್. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ಹುಟ್ಟಿದ ಜೆ-ಗೇಟ್ ಇದೆ. ಬೇರೆಡೆ ಕಾಣದ ಭಾರತೀಯ ಜರ್ನಲ್‌ಗಳು ಅದರಲ್ಲಿ ಎಷ್ಟೋ ಸಿಗುತ್ತವೆ. ಮೊದಲ ದಿನ ಡಿಸ್ಕವರಿಯಲ್ಲಿ ಸುತ್ತಾಡು, ಎರಡನೆಯ ದಿನದಿಂದ ನಿನ್ನ ಶಾಸ್ತ್ರದ ಡೇಟಾಬೇಸಿನಲ್ಲಿ ಕೂರು.

ಇನ್ನು ಹೆಸರುಗಳ ಮಾತು. ಒಂದು ಬಿಳಿ ಹಾಳೆ ತೆಗೆದುಕೋ. ನಡುವೆ ಗೀಟು ಎಳೆದು ಎರಡು ಕಾಲಂ ಮಾಡು. ಎಡಗಡೆ ಬೆಳೆ, ಬಲಗಡೆ ರೋಗ.

ಎಡಗಡೆ ಬರೆಯುತ್ತಾ ಹೋಗು. ಇಂಗ್ಲಿಷಿನಲ್ಲಿ ಅರೆಕನಟ್ ಎಂದು ಒಂದೇ ಪದವಾಗಿ ಬರೆಯುವವರುಂಟು, ಅರೆಕ ನಟ್ ಎಂದು ಬಿಡಿಸಿ ಬರೆಯುವವರುಂಟು. ಯಂತ್ರಕ್ಕೆ ಇವೆರಡೂ ಬೇರೆ ಬೇರೆ. ಸಸ್ಯಶಾಸ್ತ್ರದವರು ಅರೆಕ ಕ್ಯಾಟೆಚು ಎನ್ನುತ್ತಾರೆ. ಹಳಬರು, ವಿದೇಶೀಯರು ಬೀಟಲ್ ನಟ್ ಎನ್ನುತ್ತಾರೆ. ಈ ಬೀಟಲ್ ನಟ್ ಒಂದನ್ನೇ ಪಬ್‌ಮೆಡ್‌ನಲ್ಲಿ ಹಾಕಿ ನೋಡು. ತೋಟದ ಸುದ್ದಿಯೇ ಇರುವುದಿಲ್ಲ, ಪುಟಗಟ್ಟಲೆ ಬಾಯಿಯ ಕ್ಯಾನ್ಸರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ವೈದ್ಯಕೀಯದವರು ಆ ಬಗ್ಗೆ ಬರೆದದ್ದು ರಾಶಿ ರಾಶಿ ಇದೆ. ನಿನಗೆ ಬೇಡದ ಊರಿಗೆ ದಾರಿ ತೋರಿಸುವ ಪದ ಯಾವುದು ಎಂದು ತಿಳಿಯುವುದೂ ಹುಡುಕಾಟದ ಭಾಗವೇ.

ಬಲಗಡೆಗೆ ಬಾ. ಕೊಳೆರೋಗ ಎಂಬ ನಮ್ಮ ಕನ್ನಡದ ಪದವೇ ಇಂಗ್ಲಿಷ್ ಅಕ್ಷರ ತೊಟ್ಟು ವಿಜ್ಞಾನದ ಸಾಹಿತ್ಯದೊಳಗೆ ಹೋಗಿ ಕೂತಿದೆ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಹೊರತಂದ ಲೆಸ್ಲಿ ಕೋಲ್ಮನ್ ಅವರ ಬುಲೆಟಿನ್ನಿನ ಶೀರ್ಷಿಕೆಯಲ್ಲೇ ಆ ಪದವಿದೆ. ಕೆನಡಾದಿಂದ ಬಂದ ಈ ವಿಜ್ಞಾನಿ ಮುಂದೆ ಮೈಸೂರಿನ ಕೃಷಿ ನಿರ್ದೇಶಕರಾದರು; ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ರೂಢಿಯ ಹಿಂದೆ ಅವರ ಕೆಲಸವಿದೆ. ಹಾಗಾದರೆ ಕೊಳೆರೋಗ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆಯಿತಲ್ಲ ಎನ್ನಬೇಡ. ಕೇರಳದ ಕಡೆಯ ಲೇಖಕರು ಇದೇ ರೋಗವನ್ನು ಮಹಾಳಿ ಎಂದು ಬರೆದರು. ಸಂಶೋಧನಾ ಕೇಂದ್ರಗಳವರು ಫ್ರೂಟ್ ರಾಟ್ ಎಂದರು. ರೋಗಾಣುವಿನ ಹೆಸರನ್ನೇ ಹಿಡಿದವರಿಗೆ ಅದು ಫೈಟಾಫ್ತೊರ. ಆ ಹೆಸರಾದರೂ ನಿಂತಿತೇ? ಕೋಲ್ಮನ್ ಅದನ್ನು ಒಂದು ಪ್ರಭೇದದ ಉಪಬಗೆ ಎಂದು ಗುರುತಿಸಿದ್ದರು. 1913ರಲ್ಲಿ ಪೆಥಿಬ್ರಿಜ್ ಎಂಬವರು ಅದನ್ನು ಫೈಟಾಫ್ತೊರ ಅರೆಕೆ ಎಂಬ ಸ್ವತಂತ್ರ ಪ್ರಭೇದ ಮಾಡಿದರು. ಈಚಿನ ಎಷ್ಟೋ ಲೇಖನಗಳಲ್ಲಿ ಅಡಿಕೆಯ ಕೊಳೆಗೆ ಕಾರಣ ಫೈಟಾಫ್ತೊರ ಮೀಡಿಯೈ ಎಂದಿದೆ. ರೋಗ ಒಂದೇ, ಹೆಸರು ಅರ್ಧ ಡಜನ್ನು.

ಇದರ ಉಲ್ಟಾ ಕೂಡ ಉಂಟು, ಅದು ಇನ್ನೂ ಸ್ವಾರಸ್ಯ. ಕೊಳೆರೋಗ ಎಂಬ ಒಂದೇ ಪದ ಹಾಕಿದರೆ ಕಾಫಿಯ ಲೇಖನಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಮೈಸೂರಿನ ಕಾಫಿ ತೋಟಗಳ ಎಲೆ ಕೊಳೆಯುವ ರೋಗಕ್ಕೂ ಇದೇ ಹೆಸರು. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ಶಿಲೀಂಧ್ರಶಾಸ್ತ್ರಜ್ಞ ಅದರ ಶಿಲೀಂಧ್ರಕ್ಕೆ ಪೆಲಿಕ್ಯುಲೇರಿಯ ಕೊಳೆರೋಗ ಎಂದು ನಾಮಕರಣ ಮಾಡಿದ. 1958ರಲ್ಲಿ ಡಾಂಕ್ ಎಂಬಾತ ಅದನ್ನು ಕೊಳೆರೋಗ ನಾಕ್ಸಿಯ ಎಂದು ಬದಲಿಸಿದ. ನಮ್ಮ ತೋಟದ ಕೂಲಿಯಾಳಿನ ಬಾಯಿಮಾತು ಹೀಗೆ ಲ್ಯಾಟಿನ್ ಕುಲನಾಮವಾಯಿತು. ಆದರೆ ಅಡಿಕೆಯ ರೋಗಾಣುವಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಇದು ತಿಳಿಯದೆ ಹೋದರೆ ಕಾಫಿಯ ಲೇಖನವನ್ನು ಅಡಿಕೆಯ ಪಟ್ಟಿಗೆ ಸೇರಿಸಿ ವೈವಾದಲ್ಲಿ ಸಿಕ್ಕಿಬೀಳುವ ಸರದಿ ನಿನ್ನದು.

ಊರಿನ ಹೆಸರನ್ನೂ ಮರೆಯಬೇಡ. ಕರ್ನಾಟಕ ಎಂದು ಹಾಕಿದರೆ 1973ರ ಈಚಿನದ್ದು ಹೆಚ್ಚಾಗಿ ಬರುತ್ತದೆ. ಅದಕ್ಕೂ ಹಿಂದೆ ರಾಜ್ಯದ ಹೆಸರೇ ಮೈಸೂರು. 1956ಕ್ಕೂ ಹಿಂದೆ ಹೋದರೆ ಅಡಿಕೆಯ ಸೀಮೆ ಮೂರು ಆಡಳಿತಗಳಲ್ಲಿ ಹಂಚಿಹೋಗಿತ್ತು: ಶಿವಮೊಗ್ಗ, ಚಿಕ್ಕಮಗಳೂರು ಮೈಸೂರಿನಲ್ಲಿ, ದಕ್ಷಿಣ ಕನ್ನಡ ಸೌತ್ ಕೆನರಾ ಎಂಬ ಹೆಸರಿನಲ್ಲಿ ಮದ್ರಾಸಿನಲ್ಲಿ, ಶಿರಸಿ, ಸಿದ್ದಾಪುರ ನಾರ್ತ್ ಕೆನರಾ ಎಂಬ ಹೆಸರಿನಲ್ಲಿ ಬೊಂಬಾಯಿಯಲ್ಲಿ. ಹಳೆಯ ವರದಿಗಳೂ ಲೇಖನಗಳೂ ಆಯಾ ಆಡಳಿತದ ಪ್ರಕಟಣೆಗಳಲ್ಲೇ ಅಚ್ಚಾಗಿವೆ. ಬೆಂಗಳೂರು, ಮೈಸೂರು, ಬೆಳಗಾವಿಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಎರಡೂ ಕಾಗುಣಿತಗಳನ್ನು ಹಾಳೆಯಲ್ಲಿ ಬರೆದುಕೋ.

ಹಾಳೆ ತುಂಬಿತೇ? ಈಗ ಪದಗಳನ್ನು ಜೋಡಿಸುವ ಕೆಲಸ. ಇದಕ್ಕೆ ಮೂರು ಕೊಂಡಿಗಳು: ಆ್ಯಂಡ್, ಆರ್, ನಾಟ್. 19ನೇ ಶತಮಾನದ ಗಣಿತಜ್ಞ ಜಾರ್ಜ್ ಬೂಲ್‌ನ ತರ್ಕದಿಂದ ಬಂದವಾದ್ದರಿಂದ ಬೂಲಿಯನ್ ಎಂದು ಕರೆಯುತ್ತಾರೆ. ಒಂದೇ ಕಾಲಂನಲ್ಲಿರುವ ಸಮಾನಾರ್ಥಕ ಪದಗಳ ನಡುವೆ ಆರ್ ಹಾಕು. ಕಾಲಂಗೂ ಕಾಲಂಗೂ ನಡುವೆ ಆ್ಯಂಡ್ ಹಾಕು. ಪ್ರತಿ ಕಾಲಂನ ಸುತ್ತ ಆವರಣ ಚಿಹ್ನೆ ಇರಲಿ, ಇಲ್ಲದಿದ್ದರೆ ಯಾವುದನ್ನು ಯಾವುದರ ಜೊತೆ ಸೇರಿಸಬೇಕೆಂದು ತಿಳಿಯದೆ ಯಂತ್ರ ತನಗೆ ತೋಚಿದಂತೆ ಮಾಡುತ್ತದೆ. ಫ್ರೂಟ್ ರಾಟ್ ಥರದ ಜೋಡಿಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡು, ಆಗ ಎರಡೂ ಪದ ಒಟ್ಟಿಗೆ ಬಂದ ಕಡೆ ಮಾತ್ರ ತೆಗೆದುಕೊಡುತ್ತದೆ. ಕೊಂಡಿಪದಗಳನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಟೈಪ್ ಮಾಡು. ಕೆಲವು ಡೇಟಾಬೇಸುಗಳು ಸಣ್ಣಕ್ಷರದ್ದನ್ನು ಕೊಂಡಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಾಟ್ ಬಳಸುವಾಗ ಮಾತ್ರ ಕೈ ಬಿಗಿ ಹಿಡಿ. ಕಾಫಿಯ ಕಾಟ ತಪ್ಪಲಿ ಎಂದು ‘ನಾಟ್ ಕಾಫಿ’ ಎಂದು ಹಾಕಿದೆ ಎನ್ನು. ಕಾಫಿ ಎಂಬ ಪದ ಒಂದೇ ಒಂದು ಸಲ ಸುಳಿದ ಲೇಖನವೂ ಮಾಯ. ಮಲೆನಾಡಿನ ಅಡಿಕೆ ತೋಟದಲ್ಲಿ ಕಾಫಿ, ಮೆಣಸು, ಏಲಕ್ಕಿ ಒಟ್ಟಿಗೇ ಇರುತ್ತವೆ. ಮಿಶ್ರಬೆಳೆಯ ತೋಟದಲ್ಲಿ ಕೊಳೆರೋಗ ಹೇಗೆ ಹರಡುತ್ತದೆ ಎನ್ನುವ, ನಿನಗೆ ತೀರಾ ಬೇಕಾದ ಲೇಖನವೇ ಅದರಲ್ಲಿ ಹೋಗಿರುತ್ತದೆ. ಆ್ಯಂಡ್‌ನಿಂದಲೇ ಆಗುವ ಕೆಲಸಕ್ಕೆ ನಾಟ್ ಬೇಡ.

ನಕ್ಷತ್ರ ಚಿಹ್ನೆಯೂ ಉಪಕಾರಿ. ಇಂಗ್ಲಿಷಿನಲ್ಲಿ ‘ಫಂಗ್’ ಎಂದಷ್ಟೇ ಬರೆದು ನಕ್ಷತ್ರ ಇಟ್ಟರೆ ಫಂಗಸ್, ಫಂಗಲ್, ಫಂಗಿಸೈಡ್ ಎಲ್ಲ ಒಂದೇ ಬಲೆಗೆ ಬೀಳುತ್ತವೆ. ಗೂಗಲ್ ಸ್ಕಾಲರ್‌ನಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ.

ಡೇಟಾಬೇಸುಗಳಲ್ಲಿ ಇನ್ನೊಂದು ಅನುಕೂಲವಿದೆ, ಹುಡುಗರು ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ: ವಿಷಯ ಶಿರೋನಾಮೆ. ಲೇಖಕ ಯಾವ ಪದವನ್ನೇ ಬಳಸಿರಲಿ, ಆ ಲೇಖನಕ್ಕೆ ಒಂದು ನಿಗದಿತ ಹೆಸರು ಕೊಟ್ಟಿರುತ್ತಾರೆ. ಪಬ್‌ಮೆಡ್‌ನಲ್ಲಿ ನೀನು ಬೀಟಲ್ ನಟ್ ಎಂದು ಹಾಕಿದರೂ ಒಳಗೊಳಗೇ ಅದು ಅರೆಕ ಎಂಬ ಶಿರೋನಾಮೆಯನ್ನೂ ಸೇರಿಸಿಕೊಂಡು ಹುಡುಕುತ್ತದೆ. ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಹುಡುಕಾಟದ ವಿವರ ತೆರೆದರೆ, ನಿನ್ನ ಒಂದು ಪದವನ್ನು ಅದು ಹೇಗೆ ಹಿಗ್ಗಿಸಿಕೊಂಡಿದೆ ಎಂದು ಅಕ್ಷರಶಃ ಕಾಣುತ್ತದೆ. ಒಂದು ಒಳ್ಳೆಯ ಲೇಖನ ಸಿಕ್ಕ ಕೂಡಲೇ ಅದರ ದಾಖಲೆಯಲ್ಲಿ ಕೊಟ್ಟಿರುವ ಶಿರೋನಾಮೆಗಳನ್ನೂ ಲೇಖಕರ ಕೀವರ್ಡುಗಳನ್ನೂ ನಿನ್ನ ಹಾಳೆಗೆ ಇಳಿಸಿಕೋ. ಎರಡನೆಯ ಸುತ್ತಿನ ಹುಡುಕಾಟ ಅಲ್ಲಿಂದ ಶುರು.

ಫಲಿತಾಂಶ ಬಂದ ಮೇಲೆ ಆರಿಸುವ ಕೆಲಸ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ಬೇರೆ ಬೇರೆ ಮಾಡುತ್ತಾರಲ್ಲ, ಹಾಗೆ ಇಲ್ಲೂ ಗುಡ್ಡೆ ಮಾಡು. ಎಡಬದಿಯ ಫಿಲ್ಟರುಗಳಲ್ಲಿ ಪೀರ್ ರಿವ್ಯೂಡ್ ಎಂಬುದನ್ನು ಒತ್ತು. ಪರಿಣತರು ಪರಿಶೀಲಿಸಿದ ಜರ್ನಲ್‌ಗಳು ಮಾತ್ರ ಉಳಿಯುತ್ತವೆ. ಹಾಗೆಂದು ಅದರಲ್ಲಿ ಬಂದದ್ದೆಲ್ಲ ಸಂಶೋಧನಾ ಲೇಖನ ಎಂದುಕೊಳ್ಳಬೇಡ, ಅಂಥ ಜರ್ನಲ್‌ನ ಪುಸ್ತಕ ವಿಮರ್ಶೆ, ಸಂಪಾದಕೀಯಗಳೂ ಆ ಜರಡಿಯಲ್ಲಿ ನುಸುಳುತ್ತವೆ. ವರ್ಷದ ಫಿಲ್ಟರನ್ನು ಮೊದಲೇ ಹಾಕಬೇಡ. ‘ಕಳೆದ ಐದು ವರ್ಷ’ ಎಂದು ಒತ್ತಿಬಿಟ್ಟರೆ ಕೋಲ್ಮನ್‌ನಿಂದ ಹಿಡಿದು ನಿನ್ನ ಗೈಡಿನ ಗೈಡಿನವರೆಗೆ ಎಲ್ಲರೂ ಹೊರಗೆ. ಮೊದಲು ಒಂದು ರಿವ್ಯೂ ಲೇಖನ ಹುಡುಕು. ಅಷ್ಟು ವರ್ಷ ಯಾರು ಯಾರು ಏನೇನು ಮಾಡಿದರು ಎನ್ನುವುದನ್ನು ಯಾರೋ ಕಷ್ಟಪಟ್ಟು ಒಂದೆಡೆ ಸೇರಿಸಿಟ್ಟಿರುತ್ತಾರೆ.

ಆಮೇಲೆ ಆ ಲೇಖನದಿಂದ ಹಿಂದಕ್ಕೂ ನಡೆ, ಮುಂದಕ್ಕೂ ನಡೆ. ಹಿಂದಕ್ಕೆ ನಡೆಯುವುದೆಂದರೆ ಅದರ ಕೊನೆಯ ಉಲ್ಲೇಖಗಳ ಪಟ್ಟಿ ಓದುವುದು. ಮುಂದಕ್ಕೆ ನಡೆಯುವುದೆಂದರೆ, ಅದನ್ನು ಆಮೇಲೆ ಯಾರು ಉಲ್ಲೇಖಿಸಿದರು ಎಂದು ನೋಡುವುದು. ಈ ಎರಡನೆಯದು ಒಂದು ಕಾಲಕ್ಕೆ ಸಾಧ್ಯವೇ ಇರಲಿಲ್ಲ. ಯೂಜೀನ್ ಗಾರ್‌ಫೀಲ್ಡ್ ಎಂಬಾತ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಎಂಬ ದಪ್ಪ ಸಂಪುಟಗಳನ್ನು ಹೊರತಂದ ಮೇಲೆ ಅದು ಕೈಗೆಟುಕಿತು. ಈಗಿನ ವೆಬ್ ಆಫ್ ಸೈನ್ಸ್ ಅದರದೇ ಮುಂದುವರಿಕೆ. ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ ‘ಸೈಟೆಡ್ ಬೈ’ ಎಂದು ಒಂದು ಸಂಖ್ಯೆ ಇರುತ್ತದೆ. ಅದರ ಮೇಲೆ ಒತ್ತು, ಬಂದ ಪಟ್ಟಿಯೊಳಗೇ ಮತ್ತೆ ಹುಡುಕುವ ಅವಕಾಶವನ್ನೂ ಬಳಸು. ಹುಡುಗರು ಆ ಸಂಖ್ಯೆ ನೋಡಿ ಲೇಖನದ ಯೋಗ್ಯತೆ ಅಳೆಯುತ್ತಾರೆ. ಅದಕ್ಕಿಂತ ಅದನ್ನು ದಾರಿಯಾಗಿ ಬಳಸಿಕೊಂಡರೆ ಲಾಭ ಹೆಚ್ಚು. ಹಾಗೆಯೇ ‘ಆಲ್ ವರ್ಶನ್ಸ್’ ಒತ್ತಿ ನೋಡು. ಪ್ರಕಾಶಕರ ಪುಟದಲ್ಲಿ ದುಡ್ಡು ಕೇಳುವ ಲೇಖನದ ಉಚಿತ ಪ್ರತಿ ಲೇಖಕರ ಸಂಸ್ಥೆಯ ಭಂಡಾರದಲ್ಲಿ ಇರುವುದುಂಟು.

ಗೂಗಲ್ ಸ್ಕಾಲರ್ ಸಾಕಲ್ಲ, ಲೈಬ್ರರಿ ಯಾಕೆ ಎಂದು ನೀನು ಕೇಳುತ್ತೀಯ. ಖರಗ್‌ಪುರ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ ಮತ್ತು ಅವರ ಜೊತೆಗಾರರು 2004ರಲ್ಲಿ ಶುರುಮಾಡಿದ ಅದು ದೊಡ್ಡ ಉಪಕಾರವೇ, ಬಳಸು. ಆದರೆ ಯಾವ ಯಾವ ಜರ್ನಲ್ ಒಳಗಿದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಅದು ಕೊಡುವುದಿಲ್ಲ. ಲಕ್ಷ ಫಲಿತಾಂಶ ಎಂದರೂ ಮೊದಲ 1000 ಬಿಟ್ಟು ಆಚೆ ತೋರಿಸುವುದಿಲ್ಲ. ಒಂದು ಕೆಲಸ ಮಾಡು: ಅದರ ಸೆಟ್ಟಿಂಗ್ಸ್‌ನಲ್ಲಿ ‘ಲೈಬ್ರರಿ ಲಿಂಕ್ಸ್’ ಎಂಬ ಕಡೆ ನಿನ್ನ ವಿಶ್ವವಿದ್ಯಾಲಯದ ಹೆಸರು ಹುಡುಕಿ ಸೇರಿಸು. ಆ ಏರ್ಪಾಡು ಇರುವ ಕಡೆ, ನಿನ್ನ ಲೈಬ್ರರಿ ಚಂದಾ ಕಟ್ಟಿದ ಲೇಖನದ ಪಕ್ಕದಲ್ಲೇ ಕೊಂಡಿ ಕಾಣಿಸುತ್ತದೆ.

ಲೇಖನದ ವಿವರ ಸಿಕ್ಕಿತು, ಪೂರ್ಣಪಾಠ ಬೇಕು. ದುಡ್ಡು ಕೇಳುವ ಪುಟ ಕಂಡ ತಕ್ಷಣ ಕಾರ್ಡು ತೆಗೆಯಬೇಡ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳಿಗೆ ತೆರೆದಿವೆ; ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅದರ ಉಸ್ತುವಾರಿ ನೋಡುತ್ತದೆ. ನಿನ್ನ ಕಾಲೇಜು ಅದರಲ್ಲಿ ಸೇರಿದ್ದರೆ ಲಾಗಿನ್ ಮಾಡಿಸಿಕೊಡುವುದು ನಿನ್ನ ಲೈಬ್ರೇರಿಯನ್ನರ ಕೆಲಸ, ನಾಚಿಕೊಳ್ಳದೆ ಕೇಳು. ಅನುದಾನಿತ ಕಾಲೇಜುಗಳಿಗೆ ಎನ್-ಲಿಸ್ಟ್ ಇದೆ. ಕೃಷಿ ವಿಶ್ವವಿದ್ಯಾಲಯದವನಾದರೆ ಐಸಿಎಆರ್‌ನ ಸೆರಾ ಇದೆ. ಪ್ರಬಂಧಗಳಿಗೆ ಕೃಷಿಕೋಶ ಇದೆ. ಉಳಿದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ. ಪ್ರಬಂಧದ ಎರಡನೆಯ ಅಧ್ಯಾಯ ಸಾಮಾನ್ಯವಾಗಿ ಹಿಂದಿನ ಸಾಹಿತ್ಯದ ಸಮೀಕ್ಷೆ. ನಿನ್ನ ವಿಷಯದ ಹತ್ತಿರದ್ದೊಂದು ಸಿಕ್ಕರೆ ಹೆಸರುಗಳ ಹಾಳೆ ಇನ್ನೂ ಉದ್ದವಾಗುತ್ತದೆ. ಅದನ್ನು ದಾರಿಗೆ ಮಾತ್ರ ಬಳಸು. ಅಲ್ಲಿನ ಉಲ್ಲೇಖವನ್ನು ಮೂಲ ನೋಡದೆ ನಕಲು ಹೊಡೆದರೆ, ಅವರು ಬಿಟ್ಟ ಪುಟಸಂಖ್ಯೆಯ ತಪ್ಪು ನಿನ್ನ ಹೆಸರಿಗೆ ಬರುತ್ತದೆ. ಎಲ್ಲೂ ಇಲ್ಲವೆಂದರೆ ದೆಹಲಿಯ ಡೆಲ್‌ನೆಟ್ ಮೂಲಕ ಬೇರೆ ಲೈಬ್ರರಿಯಿಂದ ತರಿಸಬಹುದು. ಅದೂ ಆಗದಿದ್ದರೆ ಲೇಖಕರಿಗೇ ನಾಲ್ಕು ಸಾಲಿನ ಇಮೇಲ್ ಬರೆ. ತಾನು ಬರೆದದ್ದನ್ನು ಓದಲು ಒಬ್ಬರು ಕೇಳುತ್ತಿದ್ದಾರೆ ಎಂದರೆ ಬೇಡವೆನ್ನುವ ವಿದ್ವಾಂಸರು ಕಡಿಮೆ.

ಹಳೆಯ ಉಲ್ಲೇಖ ಹಿಡಿದು ಹೊರಟಾಗ ಜರ್ನಲ್ಲಿನ ಹೆಸರಿನ ಮೇಲೂ ಕಣ್ಣಿರಲಿ. ಎಂ. ಎನ್. ಶ್ರೀನಿವಾಸ್ ಸಂಸ್ಕೃತೀಕರಣ, ಪಾಶ್ಚಾತ್ಯೀಕರಣಗಳ ಬಗ್ಗೆ 1956ರಲ್ಲಿ ಬರೆದ ಟಿಪ್ಪಣಿ ಅಚ್ಚಾದದ್ದು ‘ದಿ ಫಾರ್ ಈಸ್ಟರ್ನ್ ಕ್ವಾರ್ಟರ್ಲಿ’ಯ 15ನೇ ಸಂಪುಟದ 4ನೇ ಸಂಚಿಕೆಯಲ್ಲಿ. ಮುಂದಿನ ಸಂಪುಟದಿಂದ ಆ ಪತ್ರಿಕೆ ‘ದಿ ಜರ್ನಲ್ ಆಫ್ ಏಷ್ಯನ್ ಸ್ಟಡೀಸ್’ ಆಯಿತು. ಹಳೆಯ ಹೆಸರಿನಲ್ಲಿ ಕಪಾಟು ಹುಡುಕಿ, ಪತ್ರಿಕೆಯೇ ನಿಂತುಹೋಗಿದೆ ಎಂದುಕೊಂಡು ವಾಪಸು ಹೋಗುವವರಿಗೆ ಇದು ಗೊತ್ತಿರುವುದಿಲ್ಲ. ಉಲ್ಲೇಖದಲ್ಲಿ ಸಂಪುಟ, ಸಂಚಿಕೆ, ಪುಟ ಮೂರೂ ಇದ್ದರೆ ಅದು ಜರ್ನಲ್ ಲೇಖನ. ಸಂಪಾದಕರ ಹೆಸರೂ ಪ್ರಕಾಶಕರ ಊರೂ ಇದ್ದರೆ ಪುಸ್ತಕದ ಅಧ್ಯಾಯ, ಅದಕ್ಕೆ ಓಪ್ಯಾಕ್‌ಗೇ ಹೋಗಬೇಕು. ಹೊಸ ಲೇಖನಗಳಲ್ಲಿ ಡಿಓಐ ಎಂಬ ಸಂಖ್ಯೆ ಇರುತ್ತದೆ. ಜರ್ನಲ್ಲಿನ ವೆಬ್ ವಿಳಾಸ ಬದಲಾದರೂ ಅದು ಬದಲಾಗುವುದಿಲ್ಲ, ತಪ್ಪದೆ ಗುರುತು ಹಾಕಿಕೋ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. 1916ರಿಂದ ಬಂದ ಕನ್ನಡ ಸಾಹಿತ್ಯ ಪರಿಷತ್ ಪತ್ರಿಕೆ, 1919ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಹುಟ್ಟಿದ ಪ್ರಬುದ್ಧ ಕರ್ನಾಟಕ, ಇವುಗಳ ವಿದ್ವತ್ ಲೇಖನಗಳನ್ನು ಸ್ಕೋಪಸ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದಕ್ಕೆ ಪತ್ರಿಕೆಗಳ ಹಳೆಯ ಸೂಚಿಗಳು, ಸಂಭಾವನಾ ಗ್ರಂಥಗಳ ಕೊನೆಯ ಪಟ್ಟಿಗಳು, ಬೌಂಡ್ ಸಂಪುಟಗಳ ಪರಿವಿಡಿ, ಇವೇ ಗತಿ. ಧೂಳು ಹೊಡೆದುಕೊಂಡು ಕೂತು ಪುಟ ತಿರುವಲೇಬೇಕು. ಇನ್ನೊಂದು ಒಳಗುಟ್ಟು. ಶೋಧಗಂಗೆಯಲ್ಲಿರುವ ಕನ್ನಡದ ಎಷ್ಟೋ ಪ್ರಬಂಧಗಳು ಯುನಿಕೋಡ್‌ಗೆ ಮುಂಚಿನ ನುಡಿ, ಶ್ರೀಲಿಪಿ ಥರದ ಅಕ್ಷರಗಳಲ್ಲಿವೆ. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಒಳಪುಟದ ಪದ ಹಾಕಿದರೆ ಸಿಗುವುದೇ ಇಲ್ಲ. ಆದ್ದರಿಂದ ಶೀರ್ಷಿಕೆ, ಸಂಶೋಧಕರ ಹೆಸರು, ಮಾರ್ಗದರ್ಶಕರ ಹೆಸರು, ವಿಭಾಗ, ಇವುಗಳ ಮೂಲಕ ಹೋಗು. ಅದನ್ನೂ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಲಿಪಿಯ ಎರಡು ಮೂರು ಕಾಗುಣಿತಗಳಲ್ಲಿ ಇನ್ನೊಮ್ಮೆ ಹಾಕು. ಬಸವಣ್ಣ ಎನ್ನುವುದನ್ನು ಇಂಗ್ಲಿಷಿನಲ್ಲಿ ಒಂದು ‘ಎನ್’ ಹಾಕಿ ಬರೆದವರೂ ಉಂಟು, ಎರಡು ಹಾಕಿದವರೂ ಉಂಟು, ಬರೀ ಬಸವ ಎಂದವರೂ ಉಂಟು.

ಒಂದು ಎಚ್ಚರಿಕೆ. ದುಡ್ಡು ಕೊಟ್ಟರೆ ಎರಡೇ ದಿನದಲ್ಲಿ ಏನು ಬೇಕಾದರೂ ಅಚ್ಚುಹಾಕುವ ಜರ್ನಲ್‌ಗಳ ಹಾವಳಿ ವಿಪರೀತವಾಗಿದೆ. ಯುಜಿಸಿಯ ಕೇರ್ ಪಟ್ಟಿಯನ್ನು ಆಧಾರ ಮಾಡಿಕೊಂಡವರಿಗೆ 2025ರಿಂದ ಅದೂ ಇಲ್ಲ, ಆಯೋಗ ಅದನ್ನು ಕೈಬಿಟ್ಟಿದೆ. ಜರ್ನಲ್ಲಿನ ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ನಿನ್ನ ಕ್ಷೇತ್ರದ ಹಿರಿಯರು ಅದರಲ್ಲಿ ಬರೆಯುತ್ತಾರೆಯೇ, ಉಚಿತ ಜರ್ನಲ್ಲಾದರೆ ಡಿಓಎಜೆ ಎಂಬ ಸೂಚಿಯಲ್ಲಿದೆಯೇ, ನೋಡಿಕೋ. ಇನ್ನು ಎಐ ಚಾಟ್‌ಬಾಟ್. ಹೆಸರುಗಳ ಹಾಳೆ ತುಂಬಿಸಲು ಅದನ್ನು ಧಾರಾಳವಾಗಿ ಕೇಳು, ಸಮಾನಾರ್ಥಕ ಪದಗಳನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ಉಲ್ಲೇಖ ಕೊಡು ಎಂದರೆ, ಇರುವ ಲೇಖಕರ ಹೆಸರಿಗೆ ಇಲ್ಲದ ಲೇಖನ ಅಂಟಿಸಿ, ಸಂಪುಟ ಪುಟ ಸಮೇತ ನಂಬುವ ಹಾಗೆ ಕೊಟ್ಟೀತು. ಅದು ಕೊಟ್ಟ ಪ್ರತಿಯೊಂದು ಉಲ್ಲೇಖವನ್ನೂ ಡೇಟಾಬೇಸಿನಲ್ಲಿ ಕಣ್ಣಾರೆ ಕಂಡು, ಲೇಖನ ತೆರೆದು ಓದಿದ ಮೇಲೆಯೇ ಪಟ್ಟಿಗೆ ಸೇರಿಸು.

ತೊಡಕಾದಾಗ ರೆಫರೆನ್ಸ್ ಮೇಜಿಗೆ ಹೋಗಲು ಸಂಕೋಚ ಬೇಡ. ಓದುಗರ ವೇಳೆ ಉಳಿಸುವುದು ಗ್ರಂಥಾಲಯದ ಧರ್ಮ ಎಂದು 1931ರಲ್ಲೇ ಸೂತ್ರವಾಗಿ ಬರೆದಿಟ್ಟವರು ಎಸ್. ಆರ್. ರಂಗನಾಥನ್; ಕೊನೆಗಾಲದಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಶುರುಮಾಡಿದವರು. ಅವರ ಪರಂಪರೆಯಲ್ಲಿ ಕಲಿತವರು ನಿನ್ನನ್ನು ಗದರುವುದಿಲ್ಲ. ಬರೀಗೈಯಲ್ಲಿ ಮಾತ್ರ ಹೋಗಬೇಡ. ‘ಕೊಳೆರೋಗದ ಬಗ್ಗೆ ಏನಾದರೂ ಇದೆಯಾ’ ಎಂದು ಕೇಳಿದರೆ ಅವರೂ ಸೊನ್ನೆಯಿಂದ ಶುರುಮಾಡಬೇಕು. ‘ಈ ಪದಗಳನ್ನು ಈ ಡೇಟಾಬೇಸಿನಲ್ಲಿ ಹೀಗೆ ಜೋಡಿಸಿ ಹಾಕಿದೆ, 1950ರ ಹಿಂದಿನದು ಬರುತ್ತಿಲ್ಲ’ ಎಂದು ಹಾಳೆ ಮುಂದಿಟ್ಟು ನೋಡು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ.

ಅದಕ್ಕಾಗಿಯೇ ಹುಡುಕಾಟದ ದಿನಚರಿ ಇಡು. ಯಾವ ತಾರೀಕು, ಯಾವ ಡೇಟಾಬೇಸು, ಯಾವ ಪದಗಳ ಜೋಡಣೆ, ಎಷ್ಟು ಬಂತು, ಎಷ್ಟು ಇಟ್ಟುಕೊಂಡೆ. ಸಿಕ್ಕ ಲೇಖನಗಳನ್ನು ಸಿಕ್ಕ ದಿನವೇ ಜೊಟೆರೊ ಥರದ ಉಚಿತ ತಂತ್ರಾಂಶಕ್ಕೆ ಹಾಕು, ಫೋನಿನ ಸ್ಕ್ರೀನ್‌ಶಾಟುಗಳನ್ನು ನೆಚ್ಚಿಕೊಳ್ಳಬೇಡ. ಪದಜೋಡಣೆ ಪಳಗಿದ ಮೇಲೆ ಅದನ್ನೇ ಅಲರ್ಟ್ ಆಗಿ ಉಳಿಸು. ಹೊಸ ಲೇಖನ ಬಂದಾಗ ತಾನೇ ಇಮೇಲ್ ಬರುತ್ತದೆ.

ಈ ದಿನಚರಿಯ ನಿಜವಾದ ಬೆಲೆ ತಿಳಿಯುವುದು ಪ್ರಬಂಧ ಬರೆಯುವಾಗ. ಪ್ರಸ್ತಾವನೆಯಲ್ಲಿ ಎಲ್ಲರೂ ಒಂದು ವಾಕ್ಯ ಬರೆಯುತ್ತಾರೆ: ‘ಈ ವಿಷಯದಲ್ಲಿ ಇದುವರೆಗೆ ಅಧ್ಯಯನ ನಡೆದಿಲ್ಲ.’ ಬರೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಕೊಳೆರೋಗ ಎಂದಷ್ಟೇ ಹುಡುಕಿದವನು ಅದನ್ನು ಬರೆದರೆ, ಮಹಾಳಿ ಎಂದು ಬರೆದವರ, ಫ್ರೂಟ್ ರಾಟ್ ಎಂದು ಬರೆದವರ, ಸೌತ್ ಕೆನರಾದಲ್ಲಿ ಕೆಲಸ ಮಾಡಿದವರ ಶ್ರಮವನ್ನೆಲ್ಲ ಇಲ್ಲವೆಂದಂತಾಯಿತು. ಅವರಲ್ಲೊಬ್ಬರ ಶಿಷ್ಯರೇ ನಿನ್ನ ವೈವಾಕ್ಕೆ ಪರೀಕ್ಷಕರಾಗಿ ಬಂದರೂ ಬಂದರು. ಆದ್ದರಿಂದ ಆ ವಾಕ್ಯದ ಜಾಗದಲ್ಲಿ, ಇಂತಿಂಥ ಡೇಟಾಬೇಸುಗಳಲ್ಲಿ, ಇಂತಿಂಥ ಹೆಸರುಗಳಲ್ಲಿ, ಇಂಥ ತಾರೀಕಿನವರೆಗೆ ಹುಡುಕಿದಾಗ ಇಷ್ಟು ಸಿಕ್ಕಿತು, ಇಂಥದ್ದು ಸಿಗಲಿಲ್ಲ ಎಂದು ಬರೆ. ಹಾಗೆ ಬರೆದದ್ದನ್ನು ಯಾವ ಪರೀಕ್ಷಕರ ಮುಂದೆಯೂ ತಲೆಯೆತ್ತಿ ಸಮರ್ಥಿಸಿಕೊಳ್ಳಬಹುದು. ನಿನ್ನ ನಂತರ ಬರುವವರಿಗೂ ಎಲ್ಲಿಂದ ಮುಂದುವರಿಸಬೇಕೆಂದು ತಿಳಿಯುತ್ತದೆ.